ಕ್ರೂಸರ್ ಬೈಕ್ ಹೈವೇಯಲ್ಲಿ ಸಿಟಿಗಿಂತ ಕಡಿಮೆ ಮೈಲೇಜ್ ಕೊಡುತ್ತಿದ್ದರೆ ಇಂಜಿನ್ ಬಿಚ್ಚಿಸಬೇಕಾ?

ಬೇಡ, ಈಗಲೇ ಬಿಚ್ಚಿಸಬೇಡಿ. ನೀವು ಹೇಳಿದ್ದು ಇಷ್ಟು: ದೊಡ್ಡ ವಿ-ಟ್ವಿನ್ (ಎರಡು ಸಿಲಿಂಡರ್ ವಿ ಆಕಾರದಲ್ಲಿರುವ ಇಂಜಿನ್) ಕ್ರೂಸರ್, ಕಂಪನಿ ಹೇಳಿದ ಮೈಲೇಜ್ ಹತ್ತಿರಕ್ಕೂ ಬರುತ್ತಿಲ್ಲ, ಖಾಲಿ ಹೈವೇಯಲ್ಲಿ ಸಿಟಿಗಿಂತಲೂ ಕಡಿಮೆ, ವಿಂಡ್‌ಶೀಲ್ಡ್ ಮತ್ತು ಸೈಡ್ ಬ್ಯಾಗ್ ಹಾಕಿಸಿದ ಮೇಲೆ ಇನ್ನೂ ಇಳಿದಿದೆ, ಇಸಿಯು ರೀಮ್ಯಾಪ್ (ಪೆಟ್ರೋಲ್ ಎಷ್ಟು ಬಿಡಬೇಕು ಅಂತ ನಿರ್ಧರಿಸುವ ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿದರೆ ಸರಿ ಹೋಗುತ್ತಾ ಅಂತ. ಇಂಜಿನ್ ಕೆಟ್ಟಿದ್ದರೆ ಮೈಲೇಜ್ ಸಾಮಾನ್ಯವಾಗಿ ಎಲ್ಲ ಕಡೆಯೂ ಬೀಳುತ್ತದೆ. ಹೈವೇಯಲ್ಲಿ ಮಾತ್ರ ಜಾಸ್ತಿ ಬೀಳುತ್ತಿದೆ ಅಂದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ. ನಾನೂ ವರ್ಷಗಳಿಂದ ಕ್ರೂಸರನ್ನೇ ಓಡಿಸುವವನು, ಈ ಬೈಕ್‌ಗಳ ಪೆಟ್ರೋಲ್ ಎಲ್ಲಿ ಹೋಗುತ್ತದೆ ಅನ್ನುವುದನ್ನು ಬೆನ್ನು ಹತ್ತಿ ನೋಡಿದ್ದೇನೆ.

ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ. 80ರಿಂದ 100 ಕಿ.ಮೀ. ವೇಗಕ್ಕೆ ಹೋದರೆ ವೇಗ ಹೆಚ್ಚಿದ್ದು ಕಾಲು ಭಾಗ ಮಾತ್ರ, ಆದರೆ ತಡೆ ಶೇ 56ರಷ್ಟು ಹೆಚ್ಚು. 120ಕ್ಕೆ ಹೋದರೆ 80ರಲ್ಲಿದ್ದ ತಡೆಯ ಎರಡೂಕಾಲು ಪಟ್ಟು. ಆ ತಡೆಯನ್ನು ಅಷ್ಟು ವೇಗದಲ್ಲಿ ತಳ್ಳಿಕೊಂಡು ಹೋಗಬೇಕಲ್ಲ, ಹಾಗಾಗಿ ಗಾಳಿಗೆಂದೇ ಇಂಜಿನ್ ಕೊಡಬೇಕಾದ ಪವರ್ 100ರಲ್ಲಿ 80ರ ಹತ್ತಿರ ಹತ್ತಿರ ಎರಡು ಪಟ್ಟು, 120ರಲ್ಲಿ ಮೂರು ಪಟ್ಟಿಗೂ ಮೇಲೆ. ಪೆಟ್ರೋಲ್ ಖರ್ಚು ಅಷ್ಟೇ ಲೆಕ್ಕದಲ್ಲಿ ಏರುವುದಿಲ್ಲ, ಯಾಕೆಂದರೆ ಟೈರ್ ಉರುಳುವುದಕ್ಕೆ, ಇಂಜಿನ್ ಒಳಗಿನ ಘರ್ಷಣೆಗೆ ಹೋಗುವ ಪಾಲು ಬೇರೆ ಇದೆ, ಮೇಲಾಗಿ ಹೊರೆ ಬಿದ್ದಾಗ ಇಂಜಿನ್ ಸ್ವಲ್ಪ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೂ 80 ದಾಟಿದ ಮೇಲೆ ಗಾಳಿಯದೇ ದೊಡ್ಡ ಪಾಲು.

ಇದರಲ್ಲಿ ಕ್ರೂಸರ್‌ಗೆ ಇನ್ನೊಂದು ಕಷ್ಟ ಸೇರುತ್ತದೆ. ಕೂರುವ ಭಂಗಿಯನ್ನೇ ನೋಡಿ. ಬೆನ್ನು ನೆಟ್ಟಗೆ, ಕೈ ಅಗಲ, ಕಾಲು ಮುಂದಕ್ಕೆ, ಎದೆ ಪೂರ್ತಿ ಗಾಳಿಗೆ. ಸ್ಪೋರ್ಟ್ಸ್ ಬೈಕ್‌ನವನು ಟ್ಯಾಂಕ್ ಮೇಲೆ ಬಾಗಿ ಗಾಳಿಯನ್ನು ಸೀಳಿಕೊಂಡು ಹೋಗುತ್ತಾನೆ, ನಾವು ಹಾಯಿ ಬಿಚ್ಚಿದ ದೋಣಿಯ ಹಾಗೆ ಎದುರಿಗೆ ಕೂತಿರುತ್ತೇವೆ. ಕ್ರೂಸರ್ ಸುಖವೇ ಆ ಭಂಗಿಯಲ್ಲಿದೆ, ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಆ ಸುಖ 80–90ರಲ್ಲಿ ಸಿಗುವಷ್ಟು 120ರಲ್ಲಿ ಸಿಗುವುದೂ ಇಲ್ಲ ಅಲ್ವಾ? ಜಾಕೆಟ್ ಸಡಿಲವಿದ್ದು ಪಟಪಟ ಹೊಡೆದುಕೊಳ್ಳುತ್ತಿದ್ದರೆ ಅದನ್ನೂ ಬಿಗಿ ಮಾಡಿ, ಗಾಳಿ ತಡೆಯುವುದರಲ್ಲಿ ಅದಕ್ಕೂ ಪಾಲಿದೆ.

ಎದುರು ಗಾಳಿಯನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನೀವು 80ರಲ್ಲಿ ಹೋಗುತ್ತಿದ್ದೀರಿ, ಎದುರಿಂದ ಗಂಟೆಗೆ 20 ಕಿ.ಮೀ. ಗಾಳಿ ಬೀಸುತ್ತಿದೆ ಅಂದುಕೊಳ್ಳಿ. ಬೈಕ್‌ಗೆ ತಾಗುವ ಗಾಳಿ 100ರದ್ದು. ಮೀಟರ್ ಮಾತ್ರ 80 ತೋರಿಸುತ್ತಿರುತ್ತದೆ. ಹೋಗುವಾಗ ಒಂದು ಮೈಲೇಜ್, ಅದೇ ರಸ್ತೆಯಲ್ಲಿ ಬರುವಾಗ ಇನ್ನೊಂದು ಮೈಲೇಜ್ ಬಂದರೆ ಇಂಜಿನ್‌ಗೆ ಏನೋ ಆಗಿದೆ ಅಂತ ಗಾಬರಿ ಬೇಡ. ಹೋಗಿ ಬಂದ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಿ.

ಇನ್ನು ನಿಮ್ಮ ವಿಂಡ್‌ಶೀಲ್ಡ್. ಅದು ಎದೆಗೆ ಬಡಿಯುವ ಗಾಳಿ ತಪ್ಪಿಸುತ್ತದೆ, ಆಯಾಸ ಕಡಿಮೆ ಮಾಡುತ್ತದೆ, ನಿಜ. ಆದರೆ ಗಾಳಿಗೆ ಒಡ್ಡಿಕೊಳ್ಳುವ ಅಗಲ, ಎತ್ತರ ಎರಡೂ ಹೆಚ್ಚಾಗುತ್ತವೆ. ಅದರ ಆಕಾರ, ಓರೆ, ನಿಮ್ಮ ಎತ್ತರ ಇವುಗಳ ಮೇಲೆ ಮೈಲೇಜ್ ಸ್ವಲ್ಪ ಏರಲೂಬಹುದು, ಇಳಿಯಲೂಬಹುದು. ನೆಟ್ಟಗೆ ನಿಂತ ಅಗಲ ಹಲಗೆಯಂಥ ಶೀಲ್ಡ್ ಆದರೆ ಇಳಿಯುವುದೇ ಜಾಸ್ತಿ. ಹೆಲ್ಮೆಟ್ ಗಡಗಡ ಅಲುಗಾಡುತ್ತಿದ್ದರೆ ಶೀಲ್ಡ್ ಅಂಚಿನಿಂದ ಗಾಳಿ ಸುಳಿ ಸುಳಿಯಾಗಿ ಬರುತ್ತಿದೆ ಅಂತ ಅರ್ಥ, ಓರೆ ಬದಲಿಸುವ ಅವಕಾಶವಿದ್ದರೆ ಸ್ವಲ್ಪ ಹಿಂದಕ್ಕೆ ಬಾಗಿಸಿ ನೋಡಿ. ಸೈಡ್ ಬ್ಯಾಗ್ ವಿಷಯದಲ್ಲಿ ತೂಕಕ್ಕಿಂತ ಅಗಲ ಮುಖ್ಯ. ಬೈಕ್ ಮುಂದೆ ನಿಂತು ನೋಡಿ: ನಿಮ್ಮ ಕಾಲಿನ ಮರೆಯಲ್ಲಿ ಬ್ಯಾಗ್ ಮುಚ್ಚಿಹೋಗುತ್ತದಾ, ಇಲ್ಲಾ ಎರಡೂ ಕಡೆ ಹೊರಗೆ ಚಾಚಿಕೊಂಡಿದೆಯಾ? ಚಾಚಿಕೊಂಡಷ್ಟೂ ಗಾಳಿಗೆ ಸಿಗುತ್ತದೆ. ಅದೇ ಸಾಮಾನನ್ನು ಬೆನ್ನ ಹಿಂದೆ, ಬ್ಯಾಕ್‌ರೆಸ್ಟ್‌ಗೆ ಕಟ್ಟಿದರೆ ಅದು ನಿಮ್ಮ ಮೈಯ ಮರೆಯಲ್ಲೇ ಇರುತ್ತದೆ. ಭಾರ ತೀರಾ ಎತ್ತರಕ್ಕೆ, ತೀರಾ ಹಿಂದಕ್ಕೆ ಹೋಗದಂತೆ ಮಾತ್ರ ನೋಡಿಕೊಳ್ಳಿ, ಹ್ಯಾಂಡಲ್ ತೂಗಾಡಲು ಶುರುವಾಗುತ್ತದೆ.

ತೂಕದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಆದ್ದರಿಂದ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಬೈಕ್ 300 ಕೆ.ಜಿ., ನೀವು 75 ಕೆ.ಜಿ. ನಿಂತಲ್ಲಿಂದ 60 ಕಿ.ಮೀ. ವೇಗಕ್ಕೆ ತರಲು ಸುಮಾರು 52 ಕಿಲೋಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಇರುತ್ತದೆ. ಅದರಲ್ಲಿ ಕಾಲು ಭಾಗ ಚಕ್ರಕ್ಕೆ ಮುಟ್ಟಿತು ಅಂದುಕೊಂಡರೆ, ಹಾಗೆ ಒಂದು ಸಲ ವೇಗ ಹಿಡಿಯುವುದಕ್ಕೆ ಆರೂವರೆ ಮಿಲಿಲೀಟರ್ ಪೆಟ್ರೋಲ್. ಬ್ರೇಕ್ ಒತ್ತಿದ ಕೂಡಲೇ ಅಷ್ಟೂ ಬಿಸಿಯಾಗಿ ಹೋಯಿತು. ಇಂಥದ್ದು ನೂರು ಸಲ ಆದರೆ 650 ಮಿಲಿಲೀಟರ್. ಈಗ ಅದರ ಮೇಲೆ 20 ಕೆ.ಜಿ. ಸಾಮಾನು ಹೇರಿ, ನೂರು ಸಲಕ್ಕೆ ಜಾಸ್ತಿ ಆಗುವುದು ಬರೀ 35 ಮಿಲಿಲೀಟರ್. ಹಾಗಾಗಿ ಬ್ಯಾಗ್‌ನಿಂದ ಎರಡು ಬಟ್ಟೆ ತೆಗೆದು ಮೈಲೇಜ್ ಉಳಿಸುತ್ತೇನೆ ಅನ್ನುವುದರಲ್ಲಿ ಅರ್ಥವಿಲ್ಲ. ಸಿಗ್ನಲ್ ಕೆಂಪಾಗಿರುವುದು ದೂರದಿಂದಲೇ ಕಂಡಾಗ ಥ್ರಾಟಲ್ ಬಿಟ್ಟು, ಗೇರ್‌ನಲ್ಲೇ ಉರುಳಿಕೊಂಡು ಹೋಗಿ ಪೂರ್ತಿ ನಿಲ್ಲುವುದನ್ನು ತಪ್ಪಿಸಿಕೊಂಡರೆ ಅದರ ಎಷ್ಟೋ ಪಟ್ಟು ಉಳಿಯುತ್ತದೆ. ಫ್ಯೂಯೆಲ್ ಇಂಜೆಕ್ಷನ್ ಇರುವ ಬೈಕ್‌ಗಳಲ್ಲಿ ಇನ್ನೊಂದು ಅನುಕೂಲವಿದೆ: ಗೇರ್‌ನಲ್ಲಿದ್ದು ಥ್ರಾಟಲ್ ಪೂರ್ತಿ ಮುಚ್ಚಿದರೆ ಸಾಮಾನ್ಯವಾಗಿ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ, ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಐಡಲ್ ಹತ್ತಿರ ಬಂದ ಮೇಲೆ ಮತ್ತೆ ಬಿಡುತ್ತದೆ. ಕ್ಲಚ್ ಹಿಡಿದು ಅಥವಾ ನ್ಯೂಟ್ರಲ್‌ನಲ್ಲಿ ಉರುಳಿಸಿದರೆ ಆ ಲಾಭ ಇಲ್ಲ, ಬೈಕ್ ಮೇಲಿನ ಹಿಡಿತವೂ ಕಡಿಮೆ.

ಗೇರ್ ವಿಷಯದಲ್ಲಿ ಕ್ರೂಸರ್ ನಮ್ಮ ಪರ. ಕಡಿಮೆ ಆರ್‌ಪಿಎಂನಲ್ಲೇ ಟಾರ್ಕ್ (ಎಳೆಯುವ ಬಲ) ಸಿಗುವ ಹಾಗೆ ಮಾಡಿದ ಇಂಜಿನ್ ಅದು. ಸಣ್ಣ ಗೇರ್‌ನಲ್ಲಿ ಥ್ರಾಟಲ್ ಸ್ವಲ್ಪವೇ ತೆರೆದು ಓಡಿಸಿದರೆ ಇಂಜಿನ್ ಅರೆ ಮುಚ್ಚಿದ ಬಾಗಿಲಿಂದ ಗಾಳಿ ಎಳೆದುಕೊಳ್ಳಬೇಕು, ಆ ಎಳೆದಾಟಕ್ಕೇ ಪೆಟ್ರೋಲ್ ಹೋಗುತ್ತದೆ, ಜಾಸ್ತಿ ಆರ್‌ಪಿಎಂನ ಘರ್ಷಣೆ ಬೇರೆ. ಅದೇ ವೇಗವನ್ನು ದೊಡ್ಡ ಗೇರ್‌ನಲ್ಲಿ ಹಿಡಿದರೆ ಎರಡೂ ಕಡಿಮೆ. ಆದರೆ ಇಂಜಿನ್ ಗುದ್ದಿದ ಹಾಗೆ ನಡುಗಲು ಶುರುವಾದರೆ ಒಂದು ಗೇರ್ ಇಳಿಸಿ. ಹಾಗೆ ಎಳೆಸುವುದು ಬೇರಿಂಗ್‌ಗೂ ಒಳ್ಳೆಯದಲ್ಲ, ಚೈನ್ ಅಥವಾ ಬೆಲ್ಟ್‌ಗೂ ಒಳ್ಳೆಯದಲ್ಲ.

ಸಿಸಿ ಜಾಸ್ತಿ ಆದರೆ ಖರ್ಚು ಜಾಸ್ತಿ ಅನ್ನುವುದು ಸುಳ್ಳಲ್ಲ. 471 ಸಿಸಿಯ ಹೋಂಡಾ ರೆಬೆಲ್ 500ಕ್ಕೂ 2,458 ಸಿಸಿಯ ಟ್ರಯಂಫ್ ರಾಕೆಟ್ 3ಕ್ಕೂ ಒಂದೇ ಮೈಲೇಜ್ ನಿರೀಕ್ಷಿಸಲು ಆಗುವುದಿಲ್ಲ. ಆದರೆ ಸಿಸಿ ನೀವು ಬೈಕ್ ತೆಗೆದುಕೊಂಡ ದಿನವೇ ತೀರ್ಮಾನ ಆಗಿಹೋದ ವಿಷಯ. ಕಂಪನಿ ಹೇಳುವ ಮೈಲೇಜ್ ಕೂಡ ನಿಗದಿತ ಟೆಸ್ಟ್‌ನಲ್ಲಿ ಅಳೆದದ್ದು. ನಿಮ್ಮ ವಿಂಡ್‌ಶೀಲ್ಡ್, ನಿಮ್ಮ ಬ್ಯಾಗ್, ಎದುರು ಗಾಳಿ ಯಾವುದೂ ಅಲ್ಲಿ ಇರಲಿಲ್ಲ.

ಈಗ ಬೈಕ್ ಹತ್ತಿರ ಹೋಗಿ ನೋಡಬೇಕಾದದ್ದು. ಮೊದಲು ಟೈರ್. ಬೈಕ್ ಓಡಿಸುವ ಮುಂಚೆ, ತಣ್ಣಗಿರುವಾಗಲೇ ಗಾಳಿ ಚೆಕ್ ಮಾಡಿ. ಎಷ್ಟು ಇರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿ ಇಲ್ಲವೇ ಬೈಕ್ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ಪಕ್ಕದಲ್ಲಿ ಅಚ್ಚಾಗಿರುವುದು ಅದು ತಡೆಯುವ ಗರಿಷ್ಠ ಮಿತಿ, ಅಷ್ಟು ಹೊಡೆಸಬೇಡಿ. ಹವೆ 5–6 ಡಿಗ್ರಿ ತಣ್ಣಗಾದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ, ಸುಮ್ನೆ ನಿಂತ ಬೈಕ್‌ನಲ್ಲೂ ನಿಧಾನವಾಗಿ ಇಳಿಯುತ್ತಲೇ ಇರುತ್ತದೆ. ಕ್ರೂಸರ್‌ನ ಹಿಂದಿನ ಟೈರ್ ದಪ್ಪ ಇರುವುದರಿಂದ ಗಾಳಿ ಕಡಿಮೆಯಾದದ್ದು ಕಣ್ಣಿಗೆ ಗೊತ್ತೇ ಆಗುವುದಿಲ್ಲ.

ಆಮೇಲೆ ಬ್ರೇಕ್. ಇದನ್ನು ದಯವಿಟ್ಟು ನೋಡಲೇಬೇಕು. ಬೈಕನ್ನು ಸ್ಟ್ಯಾಂಡ್ ಮೇಲೆ ಎತ್ತಿ ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಪ್ಯಾಡ್ ಸವರುವ ಸಣ್ಣ ಸದ್ದು ಬಂದರೆ ಪರವಾಗಿಲ್ಲ. ಒಂದು ಸುತ್ತು ಕೂಡ ಸಲೀಸಾಗಿ ತಿರುಗದೆ ಬಿಗಿ ಅನ್ನಿಸಿದರೆ ಬ್ರೇಕ್ ಹಿಡಿದುಕೊಂಡಿದೆ. ಈಗ ಬ್ರೇಕ್ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟು ಮತ್ತೆ ತಿರುಗಿಸಿ. ಬಿಟ್ಟ ಮೇಲೂ ಬಿಗಿಯಾಗಿಯೇ ಉಳಿದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಪಿಸ್ಟನ್ ಅಥವಾ ಅದರ ಪಿನ್‌ಗಳು ಧೂಳು, ತುಕ್ಕಿನಿಂದ ಸಿಕ್ಕಿಕೊಂಡಿರಬಹುದು, ಬಿಚ್ಚಿ ಕ್ಲೀನ್ ಮಾಡಿಸಬೇಕು. ಮುಂದಿನ ಚಕ್ರಕ್ಕೂ ಇದೇ. ಕ್ರೂಸರ್‌ಗಳಲ್ಲಿ ಇನ್ನೊಂದು ಕಾರಣವೂ ಇದೆ: ಕಾಲು ಮುಂದಕ್ಕೆ ಚಾಚಿ ಕೂತಾಗ ಪಾದದ ಭಾರ ಗೊತ್ತಿಲ್ಲದೆ ಬ್ರೇಕ್ ಪೆಡಲ್ ಮೇಲೆ ಬಿದ್ದಿರುತ್ತದೆ. ಗೆಳೆಯನೊಬ್ಬ ನಿಮ್ಮ ಹಿಂದೆ ಬರಲಿ. ನೀವು ಬ್ರೇಕ್ ಹಾಕದೆ ಇದ್ದಾಗಲೂ ಹಿಂದಿನ ಲೈಟ್ ಉರಿಯುತ್ತಿದ್ದರೆ ಪೆಡಲ್ ಎತ್ತರ ಅಡ್ಜಸ್ಟ್ ಮಾಡಿಸಿ.

ಚೈನ್ ಇದ್ದರೆ ಒಣಗಲು ಬಿಡಬೇಡಿ, ತೀರಾ ಬಿಗಿಯೂ ಬೇಡ. ಬೆಲ್ಟ್‌ಗೆ ಎಣ್ಣೆ ಬೇಡ, ಬಿಗಿ ಸರಿಯಿದ್ದರೆ ಸಾಕು.

ಸಣ್ಣ ಓಡಾಟ ಜಾಸ್ತಿ ಇದ್ದರೆ ಅದೂ ಮೈಲೇಜ್ ತಿನ್ನುತ್ತದೆ. ಇಂಜಿನ್ ತಣ್ಣಗಿರುವಾಗ ಪೆಟ್ರೋಲ್ ಜಾಸ್ತಿ ಬೇಕು, ಬಿಸಿಯಾಗುವಷ್ಟರಲ್ಲಿ ನೀವು ತಲುಪಿಬಿಟ್ಟಿರುತ್ತೀರಿ. ಹಳೆಯ ಕಾರ್ಬ್ಯುರೇಟರ್ ಬೈಕ್ ಆದರೆ ಚೋಕ್ ಪೂರ್ತಿ ಒಳಗೆ ಹೋಗಿದೆಯಾ ನೋಡಿ. ಪೆಟ್ರೋಲ್‌ನಲ್ಲಿ ಎಥನಾಲ್ ಎಷ್ಟಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲ್‌ನ ಮೂರನೇ ಎರಡರಷ್ಟು. ಹಾಗಾಗಿ ಶೇ 10 ಬೆರಕೆಯಲ್ಲಿ ಶಕ್ತಿ ಸುಮಾರು ಶೇ 3 ಕಡಿಮೆ, ಶೇ 20ರಲ್ಲಿ ಶೇ 6–7 ಕಡಿಮೆ. ಇಂಜಿನ್ ಕೇಳದೆ ಇರುವ ಹೆಚ್ಚಿನ ಆಕ್ಟೇನ್ ಪೆಟ್ರೋಲ್‌ನಿಂದ ಮೈಲೇಜ್ ಸಿಗುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಇಷ್ಟೆಲ್ಲ ನೋಡುವ ಮೊದಲು ಅಳತೆ ಸರಿ ಇರಬೇಕು. ಕ್ರೂಸರ್ ಟ್ಯಾಂಕ್ ಅಗಲ, ಚಪ್ಪಟೆ. ಸೈಡ್ ಸ್ಟ್ಯಾಂಡ್‌ನಲ್ಲಿ ಓರೆಯಾಗಿ ನಿಲ್ಲಿಸಿ ತುಂಬಿಸಿದರೆ ಒಂದು ಬದಿ ಗಾಳಿ ಉಳಿಯುತ್ತದೆ, ನೆಟ್ಟಗೆ ಹಿಡಿದು ತುಂಬಿಸಿದಾಗ ಅದೂ ತುಂಬುತ್ತದೆ. ಒಂದು ಸಲ ಹಾಗೆ, ಇನ್ನೊಂದು ಸಲ ಹೀಗೆ ತುಂಬಿಸಿದರೆ ಲೆಕ್ಕ ಹಾಳು. ಪ್ರತಿ ಸಲ ಒಂದೇ ರೀತಿ ನಿಲ್ಲಿಸಿ, ಒಂದೇ ಮಟ್ಟಕ್ಕೆ ತುಂಬಿಸಿ, ಕೆಲವು ಟ್ಯಾಂಕ್‌ಗಳ ಸರಾಸರಿ ತೆಗೆಯಿರಿ. ಡಿಸ್ಪ್ಲೇ ತೋರಿಸುವ ಮೈಲೇಜ್ ಅಂದಾಜಿನದ್ದು. ಟೈರ್ ಸೈಜ್ ಬದಲಿಸಿದ್ದರೆ ಓಡೋಮೀಟರ್ ದೂರವನ್ನೂ ಜಿಪಿಎಸ್ ಜೊತೆ ಹೋಲಿಸಿ. ಲೀಟರಿಗೆ ಎಷ್ಟು ಕಿ.ಮೀ. ಅನ್ನುವುದಕ್ಕಿಂತ 100 ಕಿ.ಮೀ.ಗೆ ಎಷ್ಟು ಲೀಟರ್ ಅಂತ ಬರೆದಿಡುವುದು ನನಗೆ ಇಷ್ಟ. 15ರಿಂದ 20ಕ್ಕೆ ಏರಿದರೆ 100 ಕಿ.ಮೀ.ಗೆ 1.67 ಲೀಟರ್ ಉಳಿಯುತ್ತದೆ, 25ರಿಂದ 30ಕ್ಕೆ ಏರಿದರೆ 0.67 ಮಾತ್ರ. ಎರಡೂ ಕಡೆ ಏರಿದ್ದು ಐದೇ. ದೊಡ್ಡ ಬೈಕ್‌ನಲ್ಲಿ ಸಣ್ಣ ಸುಧಾರಣೆಗೂ ಬೆಲೆ ಇದೆ ಅಂತ ನಾನು ಹೇಳುವುದು ಅದಕ್ಕೇ.

ಕೊನೆಗೆ ನಿಮ್ಮ ರೀಮ್ಯಾಪ್ ಪ್ರಶ್ನೆ. ಆಕ್ಸಿಜನ್ ಸೆನ್ಸರ್ ಇರುವ ಬೈಕ್ ನಿಧಾನವಾಗಿ ಓಡುವಾಗ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲ್‌ಗೆ 14.7 ಪಾಲು ಗಾಳಿ ಅನ್ನುವ ಅಳತೆಯ ಆಸುಪಾಸಿನಲ್ಲೇ ಇರುತ್ತದೆ, ಥ್ರಾಟಲ್ ಜೋರಾಗಿ ತಿರುವಿದಾಗ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಎಕ್ಸಾಸ್ಟ್ ಬದಲಿಸಿ ರೀಮ್ಯಾಪ್ ಮಾಡಿಸಿದಾಗ ಬಹಳಷ್ಟು ಸಲ ಪೆಟ್ರೋಲ್ ಜಾಸ್ತಿ ಬಿಡುವ ಕಡೆಗೇ ತಿರುಗಿಸುತ್ತಾರೆ. ಎಳೆತ ಚೆನ್ನಾಗಿರುತ್ತದೆ, ಇಂಜಿನ್ ತಣ್ಣಗಿರುತ್ತದೆ, ಮೈಲೇಜ್ ಇಳಿಯುತ್ತದೆ. ನಿಮ್ಮದು ಕಂಪನಿ ಎಕ್ಸಾಸ್ಟ್ ಆದರೆ ಮೈಲೇಜ್‌ಗಾಗಿ ರೀಮ್ಯಾಪ್‌ಗೆ ಹಣ ಹಾಕಬೇಡಿ. ಮೊದಲು ಟೈರ್, ಬ್ರೇಕ್ ಸರಿ ಮಾಡಿಸಿ. ಆಮೇಲೆ ಅದೇ ಹೈವೇಯಲ್ಲಿ, ಅದೇ ಬ್ಯಾಗ್ ಸಮೇತ, ಹೋಗುವಾಗಲೂ ಬರುವಾಗಲೂ 80 ದಾಟದೆ ಒಂದು ಟ್ಯಾಂಕ್ ಓಡಿಸಿ. ಇನ್ನೊಂದು ಟ್ಯಾಂಕ್ ವಿಂಡ್‌ಶೀಲ್ಡ್ ತೆಗೆದು ಅದೇ ವೇಗದಲ್ಲಿ ಓಡಿಸಿ. ಎರಡರಲ್ಲೂ ಮೈಲೇಜ್ ಏಳದಿದ್ದರೆ ಆಗ ಮೆಕ್ಯಾನಿಕ್ ಹತ್ತಿರ ಹೋಗಿ ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಆಕ್ಸಿಜನ್ ಸೆನ್ಸರ್, ಟ್ಯಾಪೆಟ್, ಕ್ಲಚ್ ಜಾರುತ್ತಿದೆಯಾ ಇವನ್ನು ನೋಡಿಸಿ. ಎರಡು ಟ್ಯಾಂಕ್‌ನ ಅಂಕಿಗಳು ಸಿಕ್ಕ ಮೇಲೆ ಇಲ್ಲೇ ಹಾಕಿ, ಒಟ್ಟಿಗೆ ಕೂತು ನೋಡೋಣ.