ಸೈಕಲ್‌ಗೆ ಕಾರು ಗುದ್ದಿದೆ, ಮೂರು ಸಾವಿರ ತೆಗೆದುಕೊಂಡು ಸುಮ್ಮನಾಗಬೇಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೂರು ವಾರದ ಹಿಂದೆ ಬೆಳಗಿನ ಹೊತ್ತು ಕಲಬುರಗಿಯ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದ ಕಡೆಗೆ ಸೈಕಲ್ ತುಳಿಯುತ್ತಿದ್ದಿರಿ. ನಿಮ್ಮನ್ನು ದಾಟಿ ಮುಂದೆ ಹೋದ ಕಾರು ಇಂಡಿಕೇಟರ್ ಹಾಕದೆ ಎಡಕ್ಕೆ ಹೊರಳಿತು. ನಿಮ್ಮ ಮೊಣಕೈ ತರಚಿತು. ಎರಡು ವರ್ಷದ ಹಿಂದೆ 32,000 ರೂಪಾಯಿಗೆ ತಂದ ಗೇರ್ ಸೈಕಲ್ ಕಾರಿನಡಿ ಸಿಕ್ಕಿತು. ಅಂಗಡಿಯವರು ರಿಪೇರಿಗೆ 18,400 ರೂಪಾಯಿ ಹೇಳಿದ್ದಾರೆ. ಕಾರಿನ ಮಾಲೀಕರು 3,000 ಕೊಡುತ್ತೇನೆ, ಒಂದು ಕಾಗದಕ್ಕೆ ಸಹಿ ಹಾಕಿ ಮುಗಿಸೋಣ ಎನ್ನುತ್ತಿದ್ದಾರೆ. ಪೊಲೀಸ್ ದೂರು ಆಗಿಲ್ಲ.

ಆ ಕಾಗದಕ್ಕೆ ಸಹಿ ಹಾಕಬೇಡಿ. ಉಳಿದದ್ದನ್ನೆಲ್ಲ ನಿಧಾನವಾಗಿ ಓದಿದರೂ ನಡೆಯುತ್ತದೆ.

ಇಷ್ಟು ಖಡಾಖಂಡಿತವಾಗಿ ಹೇಳುವುದಕ್ಕೆ ಕಾರಣ, ನಾನು ಸಹಿ ಹಾಕಿ ಕೆಟ್ಟವನು. ನಾನು ಶಾಲಾ ಶಿಕ್ಷಕ. ಕೆಲವು ವರ್ಷಗಳ ಹಿಂದೆ ಜೇವರ್ಗಿ ರಸ್ತೆಯಲ್ಲಿ, ರಾಮಮಂದಿರ ವೃತ್ತಕ್ಕಿಂತ ಸ್ವಲ್ಪ ಈಚೆಗೆ, ಅಂಗಡಿಯೊಂದರ ಮುಂದೆ ನಿಂತಿದ್ದ ಕಾರು ಹಿಂದೆ ನೋಡದೆ ರಿವರ್ಸ್ ಬಂದು ನನ್ನ ಸೈಕಲ್ಲಿನ ಮುಂದಿನ ಗಾಲಿಯ ಮೇಲೆ ಹತ್ತಿತು. ನಾನು ಪಕ್ಕಕ್ಕೆ ಜಿಗಿದೆ, ಸೈಕಲ್ ಜಿಗಿಯಲಿಲ್ಲ. ಜನ ಸೇರಿದರು. ನಮ್ಮ ಊರಿನಲ್ಲಿ ಇಂಥ ಹೊತ್ತಿನಲ್ಲಿ ಎಲ್ಲಿಂದಲೋ ಇಬ್ಬರು ಹಿರಿಯರು ಹುಟ್ಟಿಕೊಂಡು ನಡುವೆ ನಿಂತೇ ನಿಲ್ಲುತ್ತಾರೆ. ಅವರಲ್ಲಿ ಒಬ್ಬರು ನನಗೆ, "ಮಾಸ್ತರರೇ, ನಿಮಗೇನೂ ಆಗಿಲ್ಲವಲ್ಲ, ದೊಡ್ಡದು ಮಾಡಬೇಡಿ" ಎಂದರು. ಇನ್ನೊಬ್ಬರು ಕಾರಿನವರಿಗೆ, "ಸಾಹೇಬರೇ, ರಿಪೇರಿ ಎಷ್ಟಾಗುತ್ತದೋ ಅಷ್ಟು ಕೊಟ್ಟುಬಿಡಿ" ಎಂದರು. ಹತ್ತಿರದ ಪಂಕ್ಚರ್ ಅಂಗಡಿಯವನು ಬಂದು ನೋಡಿ, ರಿಮ್ ಮತ್ತು ಕಡ್ಡಿಗೆ 850, ಫೋರ್ಕ್‌ಗೆ 1,100, ಟೈರು-ಟ್ಯೂಬಿಗೆ 550, ಕೂಲಿ 400, ಒಟ್ಟು 2,900 ಎಂದ. ಕಾರಿನವರು ಅಷ್ಟನ್ನೂ ಅಲ್ಲೇ ಎಣಿಸಿಕೊಟ್ಟರು. ಒಳ್ಳೆಯ ಮನುಷ್ಯರೇ. ನೋಟುಪುಸ್ತಕದ ಹಾಳೆಯ ಮೇಲೆ "ಇನ್ನು ಮುಂದೆ ಈ ಘಟನೆಗೆ ಸಂಬಂಧಿಸಿ ನನ್ನದು ಯಾವ ತಕರಾರೂ ಇರುವುದಿಲ್ಲ" ಎಂದು ಬರೆಸಿಕೊಂಡರು. ನಾನು ಸಂತೋಷದಿಂದಲೇ ಸಹಿ ಹಾಕಿದೆ.

ಎಂಟು ದಿನದ ನಂತರ ಹ್ಯಾಂಡಲ್ ನಡುಗತೊಡಗಿತು. ಸೂಪರ್ ಮಾರ್ಕೆಟ್ ಕಡೆ ನಲವತ್ತು ವರ್ಷದಿಂದ ಸೈಕಲ್ ಬಿಚ್ಚಿ ಕಟ್ಟುತ್ತಿರುವ ಚಾಚಾ ಒಬ್ಬರಿದ್ದಾರೆ, ಅವರ ಬಳಿಗೆ ಒಯ್ದೆ. ಅವರು ಹ್ಯಾಂಡಲ್ ಕೆಳಗೆ, ಫ್ರೇಮಿನ ಪೈಪುಗಳು ಕೂಡುವ ಜಾಗದಲ್ಲಿ, ಬಣ್ಣವನ್ನು ಉಗುರಿನಿಂದ ಕೆರೆದರು. ಕೂದಲೆಳೆಯಷ್ಟು ಬಿರುಕು. "ವೆಲ್ಡಿಂಗ್ ಮಾಡಿಕೊಡುತ್ತೇನೆ. ಹಾಲಿನ ಕ್ಯಾನ್ ತೂಗುಹಾಕಿಕೊಂಡು ತಳ್ಳಿಕೊಂಡು ಹೋಗುವುದಕ್ಕೆ ನಡೆಯುತ್ತದೆ, ನೀವು ಕೂರಬೇಡಿ" ಎಂದರು. ಕಾರಿನವರಿಗೆ ಫೋನ್ ಮಾಡಿದೆ. ಅವರು ಬಹಳ ವಿನಯದಿಂದ, "ಸರ್, ನೀವೇ ಬರೆದುಕೊಟ್ಟಿದ್ದೀರಲ್ಲ" ಎಂದರು. 11,000 ರೂಪಾಯಿಯ ಸೈಕಲ್ ಹೀಗೆ 2,900ಕ್ಕೆ ಹೋಯಿತು.

ಆಮೇಲೆ ನಾನು ಕಲಿತದ್ದನ್ನು ಹೇಳುತ್ತೇನೆ. ನಾನು ವಕೀಲನಲ್ಲ, ವಕೀಲರ ಎದುರಿನ ಬೆಂಚಿನ ಮೇಲೆ ಬೇಕಾದಷ್ಟು ಹೊತ್ತು ಕೂತವನು.

"ಸೈಕಲ್‌ಗೆಲ್ಲ ಯಾರು ಇನ್ಶೂರೆನ್ಸ್ ಕೊಡುತ್ತಾರೆ?" ಎಂಬ ಮಾತನ್ನು ನಿಮಗೂ ಯಾರಾದರೂ ಹೇಳಿರುತ್ತಾರೆ. ಇಲ್ಲಿ ಲೆಕ್ಕಕ್ಕೆ ಬರುವುದು ಕಾರಿನ ವಿಮೆ, ಸೈಕಲ್‌ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದೆ ಕಾರನ್ನು ರಸ್ತೆಗೆ ಇಳಿಸುವಂತಿಲ್ಲ. ಆ ಥರ್ಡ್ ಪಾರ್ಟಿ ಎಂದರೆ ನೀವೇ. ಜೀವ, ಮೈಗಾಯ ಮಾತ್ರವಲ್ಲ, ನಿಮ್ಮ ವಸ್ತುವಿಗೆ ಆದ ಹಾನಿಯೂ ಅದರೊಳಗೆ ಬರುತ್ತದೆ. ಖಾಸಗಿ ಕಾರಿನ ಸಾಮಾನ್ಯ ಪಾಲಿಸಿಯಲ್ಲಿ ಇಂಥ ಆಸ್ತಿ ಹಾನಿಗೆ 7.5 ಲಕ್ಷ ರೂಪಾಯಿವರೆಗೆ ರಕ್ಷಣೆ ಇರುತ್ತದೆ. ಕಂತು ಸ್ವಲ್ಪ ಉಳಿಸಲು ಅದನ್ನು 6,000ಕ್ಕೆ ಇಳಿಸಿಕೊಂಡ ಮಾಲೀಕರೂ ಇರುತ್ತಾರೆ, ಆಗ ಮಿಕ್ಕದ್ದು ಅವರ ಕೈಯಿಂದಲೇ ಬರಬೇಕು. ಎಂಪರಿವಾಹನ್ ಆ್ಯಪ್‌ನಲ್ಲಿ ಕಾರಿನ ನಂಬರ್ ಹಾಕಿದರೆ ವಿಮೆ ಯಾವ ದಿನಾಂಕದವರೆಗೆ ಇದೆ ಎಂಬುದು ತಿಳಿಯುತ್ತದೆ. ಈ ಉತ್ತರ ಓದುತ್ತಿರುವಾಗಲೇ ನೋಡಿಬಿಡಿ.

ಮಾಲೀಕರು ಹಿಂಜರಿಯುವುದಕ್ಕೆ ದೊಡ್ಡ ಕಾರಣ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ ಎಂಬ ಭಯ. ಆ ಬೋನಸ್ ಇರುವುದು ಅವರ ಸ್ವಂತ ಕಾರಿನ ಹಾನಿಯ ಭಾಗಕ್ಕೆ. ಥರ್ಡ್ ಪಾರ್ಟಿ ಕ್ಲೇಮ್ ಬಂದರೆ ಅದು ಹೋಗುವುದಿಲ್ಲ. ತಮ್ಮ ಬಂಪರಿನ ಗೀರಿಗೂ ಅದೇ ಪಾಲಿಸಿಯಲ್ಲಿ ಹಣ ಕೇಳಿದರೆ ಮಾತ್ರ ಹೋಗುತ್ತದೆ. ಇದನ್ನು ಸಮಾಧಾನದಿಂದ ವಿವರಿಸಿದಾಗ ಅರ್ಧ ಜಗಳ ಇಳಿದದ್ದನ್ನು ನಾನು ಕಂಡಿದ್ದೇನೆ. ಇನ್ನೊಂದು ಸೂಕ್ಷ್ಮವಿದೆ. ಕಂಪನಿಯ ಒಪ್ಪಿಗೆ ಇಲ್ಲದೆ ಮಾಲೀಕರು ತಪ್ಪೊಪ್ಪಿಕೊಂಡು ಹಣ ಕೊಟ್ಟರೆ, ಆ ಹಣವನ್ನು ಕಂಪನಿ ಅವರಿಗೆ ತುಂಬಿಕೊಡುವುದಿಲ್ಲ; ಪಾಲಿಸಿಯ ಷರತ್ತೇ ಹಾಗಿದೆ. ಆದ್ದರಿಂದ ವಿಮೆಯಿಂದ ಕೊಡಿಸುವುದೋ ಜೇಬಿನಿಂದ ಕೊಡುವುದೋ ಎಂಬುದನ್ನು ಅವರು ಮೊದಲೇ ತೀರ್ಮಾನಿಸಬೇಕು.

ವಿಮೆಯಿಂದ ಎಂದಾದರೆ ಕಂಪನಿಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟ ಕೂಡಲೇ ಚೆಕ್ ಬರುತ್ತದೆ ಎಂದುಕೊಳ್ಳಬೇಡಿ. ದಾರಿ ಸಾಮಾನ್ಯವಾಗಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕವೇ. ಸತ್ತವರ ಮನೆಯವರು, ಕೈಕಾಲು ಮುರಿದವರು ಹೋಗುವ ಜಾಗ ಅದು ಎಂದು ನಾನೂ ತಿಳಿದಿದ್ದೆ. ಕಾಯ್ದೆಯ 165ನೇ ಸೆಕ್ಷನ್ ಆಸ್ತಿ ಹಾನಿಯನ್ನೂ ಹೆಸರಿಸುತ್ತದೆ, 166ನೇ ಸೆಕ್ಷನ್ ಹಾನಿಯಾದ ಆಸ್ತಿಯ ಮಾಲೀಕರೂ ಅರ್ಜಿ ಹಾಕಬಹುದು ಎನ್ನುತ್ತದೆ. ಹಾನಿ 2,000 ರೂಪಾಯಿಗಿಂತ ಹೆಚ್ಚಿದ್ದರೆ ಬೇಕಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ಆಯ್ಕೆಯೂ ಇದೆ, ಆದರೆ ಆ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಅರ್ಜಿಯಲ್ಲಿ ಚಾಲಕರು, ಮಾಲೀಕರು, ವಿಮಾ ಕಂಪನಿ ಮೂವರನ್ನೂ ಎದುರುಪಕ್ಷ ಮಾಡಬೇಕು. ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹೋಗಬೇಕು. ಹಿಂದೆ ಈ ಗಡುವು ಇರಲಿಲ್ಲ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆಯ ಅನುಭವದ ಮೇಲೆ "ಅವಸರವೇನಿದೆ" ಎನ್ನುವವರ ಮಾತು ಕೇಳಬೇಡಿ. ಗ್ರಾಹಕ ಆಯೋಗಕ್ಕೆ ಹೋಗಿ ಎಂದು ಯಾರಾದರೂ ಸಲಹೆ ಕೊಟ್ಟರೆ ಅದನ್ನೂ ಬಿಡಿ. ಪಾಲಿಸಿ ಕೊಂಡವರು ನೀವಲ್ಲ, ಆ ಕಂಪನಿಗೆ ನೀವು ಗ್ರಾಹಕರಲ್ಲ.

ಇದಕ್ಕೆಲ್ಲ ಬುಡ ಪೊಲೀಸ್ ದಾಖಲೆ. ಮೂರು ವಾರವಾಗಿದೆ ನಿಜ, ಆದರೂ ಕೊಡಿ. ನಗರದ ಅಪಘಾತಗಳು ಸಂಚಾರ ಠಾಣೆಗೆ ಹೋಗುತ್ತವೆ. ನಿಮ್ಮ ಜಾಗ ಯಾವ ಠಾಣೆಯ ಹದ್ದಿಗೆ ಬರುತ್ತದೆ ಎಂದು 112ಕ್ಕೆ ಕರೆ ಮಾಡಿ ಕೇಳಿದರಾಯಿತು. ದೂರಿನಲ್ಲಿ ತಡವಾದದ್ದನ್ನು ಮುಚ್ಚಿಡಬೇಡಿ, "ಮಾಲೀಕರೊಂದಿಗೆ ರಾಜಿಯ ಮಾತುಕತೆ ನಡೆದಿದ್ದರಿಂದ ತಡವಾಯಿತು" ಎಂದು ಇದ್ದದ್ದು ಇದ್ದಂತೆ ಬರೆಯಿರಿ. ಮೊಣಕೈ ಗಾಯಕ್ಕೆ ಆಗ ಎಲ್ಲಿ ತೋರಿಸಿದಿರೋ ಅಲ್ಲಿನ ಚೀಟಿಯನ್ನು ಜೊತೆಗಿಡಿ. ಗಾಯವಿದ್ದರೆ ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125ನೇ (ಇನ್ನೊಬ್ಬರ ಜೀವಕ್ಕೆ ಅಪಾಯ ತರುವುದು) ಸೆಕ್ಷನ್‌ಗಳ ಮಾತು ಬರುತ್ತದೆ. ಬರೀ ಸೈಕಲ್ ಕೆಟ್ಟಿದೆ ಎಂದರೆ ಠಾಣೆಯಲ್ಲಿ "ನೀವೇ ಮಾತಾಡಿಕೊಳ್ಳಿ" ಎನ್ನುವ ಸಾಧ್ಯತೆ ಹೆಚ್ಚು. ಹಾಗೆ ಅಂದರೂ ಬರೆದ ದೂರನ್ನು ಕೊಟ್ಟು ಸ್ವೀಕೃತಿ ಪಡೆಯದೆ ಬರಬೇಡಿ. ಅಪಘಾತದಲ್ಲಿ ಇನ್ನೊಬ್ಬರ ಆಸ್ತಿಗೆ ಹಾನಿಯಾದರೂ ಚಾಲಕರು 24 ಗಂಟೆಯೊಳಗೆ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೆ ಬರೆದು ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಹೇಳುತ್ತದೆ. ಅಂದರೆ ತಡ ಮಾಡಿದವರು ನೀವೊಬ್ಬರೇ ಅಲ್ಲ.

ಒಂದು ಎಚ್ಚರಿಕೆ. "ಹಣ ಕೊಡದಿದ್ದರೆ ಕೇಸ್ ಹಾಕಿಸುತ್ತೇನೆ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆಯಬೇಡಿ. ನಾಳೆ ಅದೇ ಸಂದೇಶ ನಿಮ್ಮನ್ನು ಸುಲಿಗೆಕೋರನಂತೆ ತೋರಿಸುತ್ತದೆ. ದೂರು ಕೊಡುವುದಿದ್ದರೆ ಕೊಟ್ಟುಬಿಡಿ, ಅದನ್ನು ಬೆದರಿಕೆಯಾಗಿ ಜೇಬಿನಲ್ಲಿಟ್ಟುಕೊಂಡು ತಿರುಗಬೇಡಿ. ಅಜಾಗರೂಕ ಚಾಲನೆಯ ಪ್ರಕರಣ ದಾಖಲಾದ ಮೇಲೆ ನೀವಿಬ್ಬರೂ ಕೈಕುಲುಕಿದ ಮಾತ್ರಕ್ಕೆ ಅದು ಮುಗಿಯುವುದಿಲ್ಲ ಎಂಬುದೂ ಗೊತ್ತಿರಲಿ.

ಇನ್ನು ಲೆಕ್ಕಕ್ಕೆ ಬರೋಣ, ನನ್ನ ಮಟ್ಟಿಗೆ ಇದೇ ಮುಖ್ಯ. 32,000 ಕೇಳಬೇಡಿ. ನಿಮಗೆ ಸಿಗಬೇಕಾದದ್ದು ಆದ ನಷ್ಟ. ಎರಡು ವರ್ಷ ಓಡಿದ ಟೈರು, ಚೈನು, ಬ್ರೇಕ್ ರಬ್ಬರುಗಳಿಗೆ ಹೊಸದರ ಪೂರ್ತಿ ಬೆಲೆ ಕೇಳಿದರೆ ಎದುರಿನ ವಕೀಲರು ಮೊದಲು ಹಿಡಿಯುವುದು ಅದನ್ನೇ. ಸವೆಯುವ ಈ ಭಾಗಗಳಿಗೆ ನೀವೇ ಅರ್ಧ ಬೆಲೆ ಇಳಿಸಿ, ಸವೆಯದ ಫ್ರೇಮು, ಫೋರ್ಕು, ರಿಮ್ಮಿಗೆ ಪೂರ್ತಿ ಹಾಕಿ. ಸವೆಯುವ ಭಾಗಗಳ ಪಾಲು 3,000 ಎಂದಿಟ್ಟುಕೊಂಡರೆ 18,400ರಲ್ಲಿ 1,500 ಇಳಿದು 16,900 ಆಗುತ್ತದೆ. ಈ ಮೊತ್ತದ ಪ್ರತಿ ರೂಪಾಯಿಗೂ ನಿಮ್ಮ ಬಳಿ ಉತ್ತರ ಇರುತ್ತದೆ. ಮೂರು ಸಾವಿರಕ್ಕೆ ಅವರ ಬಳಿ ಏನು ಉತ್ತರವಿದೆ, ಕೇಳಿ ನೋಡಿ. ರಿಪೇರಿ ಖರ್ಚು ಸೈಕಲಿನ ಇಂದಿನ ಬೆಲೆಯನ್ನೇ ಮೀರುವ ಹಾಗಿದ್ದರೆ ಲೆಕ್ಕ ಬೇರೆ: ಇಂದಿನ ಬೆಲೆಯಲ್ಲಿ ಗುಜರಿ ಬೆಲೆ ಕಳೆದು ಕೇಳಬೇಕು.

ಎಸ್ಟಿಮೇಟ್ ಅನ್ನು ಬಾಯಿಮಾತಿನಲ್ಲಿ ಬಿಡಬೇಡಿ. ಅಂಗಡಿಯ ಹೆಸರಿರುವ ಹಾಳೆಯ ಮೇಲೆ, ಭಾಗ ಭಾಗಕ್ಕೆ ಬೆಲೆ ಬರೆದು, ಮುದ್ರೆ ಒತ್ತಿಸಿ. ಆಗುವುದಾದರೆ ಎರಡನೇ ಅಂಗಡಿಯಲ್ಲೂ ಬರೆಸಿ. ಸೈಕಲನ್ನು ಪೂರ್ತಿ ಬಿಚ್ಚಿಸಿ, ಫ್ರೇಮ್ ನೇರ ಇದೆಯೇ, ಕೂಡುಗಳಲ್ಲಿ ಬಿರುಕಿದೆಯೇ ಎಂದು ನೋಡಿಸಿ ಆಮೇಲೆ ಬರೆಸಿ. ನನ್ನ ಚಾಚಾನಂಥವರು ನಿಮಗೆ ಸಿಕ್ಕರೆ ಪುಣ್ಯ. ರಿಮ್ ಔಟ್ ಆಗಿದೆ, ಫೋರ್ಕ್ ಬೆಂಡ್ ಆಗಿದೆ ಎಂದು ಕಣ್ಣಿಗೆ ಕಾಣುವುದನ್ನು ಯಾರು ಬೇಕಾದರೂ ಹೇಳುತ್ತಾರೆ. ನನ್ನನ್ನು ಮುಳುಗಿಸಿದ್ದು ಕಾಣದ ಬಿರುಕು. ಬಿಚ್ಚಿದ ಹಳೆಯ ಭಾಗಗಳನ್ನು ಅಂಗಡಿಯಲ್ಲಿ ಬಿಟ್ಟು ಬರಬೇಡಿ, ಗೋಣಿಚೀಲದಲ್ಲಿ ಕಟ್ಟಿ ಮನೆಯಲ್ಲಿಡಿ. ಸೈಕಲ್ ಕೊಂಡ ಬಿಲ್ ಕಳೆದಿದ್ದರೆ ಅಂಗಡಿಯವರ ಬಳಿ ಪ್ರತಿ ಇರುತ್ತದೆ, ಇಲ್ಲವೇ ಹಣ ಹೋದ ಬ್ಯಾಂಕ್ ದಾಖಲೆ ಸಾಕು. ತಿರುವಿನ ಸುತ್ತ ಅಂಗಡಿಗಳ ಕ್ಯಾಮೆರಾ ಇದ್ದರೆ ಇವತ್ತೇ ಹೋಗಿ ಕೇಳಿ. ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತದೆ, ಮೂರು ವಾರಕ್ಕೆ ಈಗಾಗಲೇ ಹೋಗಿರಲೂಬಹುದು.

ನ್ಯಾಯಮಂಡಳಿಗೆ ಹೋಗಲೇಬೇಕೇ? 16,900 ರೂಪಾಯಿಗೆ ತಿಂಗಳುಗಟ್ಟಲೆ ರಜೆ ಹಾಕಿ ಅಲೆಯುವುದು ನನಗಾದರೆ ಬೇಡ. ನಾನು ನಿಮ್ಮ ಜಾಗದಲ್ಲಿದ್ದರೆ ದೂರು ಕೊಟ್ಟು, ಎಸ್ಟಿಮೇಟಿನ ಪ್ರತಿಯೊಂದಿಗೆ ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪುಟದ ಪತ್ರ ಕಳಿಸಿ, ಹದಿನೈದು ದಿನ ಕಾಯುತ್ತಿದ್ದೆ. 14,000ಕ್ಕೆ ಬಂದರೆ ಒಪ್ಪಿಕೊಳ್ಳುತ್ತಿದ್ದೆ. ಬಾರದಿದ್ದರೆ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುತ್ತಿದ್ದೆ, ಫೋನಿನಲ್ಲಾದರೆ 15100. ಅಲ್ಲಿ ಲೋಕ ಅದಾಲತ್‌ಗೆ ಹಾಕಿದರೆ ಶುಲ್ಕವಿಲ್ಲ, ಇಬ್ಬರೂ ಒಪ್ಪಿ ಆದೇಶವಾದರೆ ಅದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಮಾಲೀಕರು ಅಲ್ಲಿಗೂ ಬರದಿದ್ದರೆ, ಆಗ ಆರು ತಿಂಗಳ ಗಡುವಿನೊಳಗೆ ನ್ಯಾಯಮಂಡಳಿ. ಕಾರಿಗೆ ವಿಮೆಯೇ ಇಲ್ಲ ಎಂದು ಗೊತ್ತಾದರೂ ಕೈಚೆಲ್ಲಬೇಡಿ, ಆಗ ಪೂರ್ತಿ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಒಂದು ವಿಷಯದಲ್ಲಿ ನೀವು ಅದೃಷ್ಟವಂತರು, ಕಾರು ನಿಂತಿದೆ, ನಂಬರ್ ಸಿಕ್ಕಿದೆ. ಗುದ್ದಿ ಪರಾರಿಯಾದ ವಾಹನದಿಂದ ತೊಂದರೆಗೊಳಗಾದವರಿಗೆ ಇರುವ ಸರ್ಕಾರದ ಪರಿಹಾರ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ಇದೆ, ಸೈಕಲ್‌ಗೆ ಬಿಡಿಕಾಸೂ ಇಲ್ಲ.

ರಾಜಿಯಾದ ದಿನ ಸಹಿ ಹಾಕುವ ಕಾಗದದಲ್ಲಿ ನಾನು ಸಹಿ ಹಾಕಿದ "ಯಾವ ತಕರಾರೂ ಇರುವುದಿಲ್ಲ" ಎಂಬ ವಾಕ್ಯ ಬರೆಯಬೇಡಿ. ಇದನ್ನು ಬರೆಯಿರಿ: "ಇಂಥ ದಿನಾಂಕದ ಅಪಘಾತದಲ್ಲಿ ನನ್ನ ಸೈಕಲ್‌ಗೆ ಆದ, ಲಗತ್ತಿಸಿದ ಪಟ್ಟಿಯಲ್ಲಿರುವ ಹಾನಿಗೆ ಮಾತ್ರ ಇಷ್ಟು ರೂಪಾಯಿ ನನಗೆ ತಲುಪಿದೆ." ಹಣ ಬ್ಯಾಂಕ್ ಮೂಲಕವೇ ಬರಲಿ. ಅಂದಹಾಗೆ ಹೆಲ್ಮೆಟ್ ಹಾಕಿದ್ದಿರಾ? ನೆಲಕ್ಕೆ ಬಡಿದಿದ್ದರೆ ಮೇಲೆ ಗೀರು ಮಾತ್ರ ಕಂಡರೂ ಅದನ್ನು ಇನ್ನು ತಲೆಗೆ ಹಾಕಬಾರದು, ಆ ಬೆಲೆಯನ್ನೂ ಪಟ್ಟಿಗೆ ಸೇರಿಸಿ.