ಬೆಟ್ಟಕ್ಕೊಯ್ಯುವ ಮೋರ್ಸ್ ಪ್ಯಾಡಲ್: ಹ್ಯಾಮ್ (ಹವ್ಯಾಸಿ ರೇಡಿಯೋ) ಪ್ರಶ್ನೋತ್ತರ

ಪ್ರಶ್ನೆ: ಹೊರಗೆ ಒಯ್ಯಲೆಂದು ಎರಡು ಲಿವರ್‌ಗಳ ಸಣ್ಣ ಪ್ಯಾಡಲ್ (ಮೋರ್ಸ್ ಸಂಕೇತ ಕಳಿಸುವ ಕೀ) ಕೊಂಡಿದ್ದೇನೆ. ನಿಮಿಷಕ್ಕೆ 12 ಪದಗಳ ವೇಗದಲ್ಲಿ ತೊಂದರೆಯಿಲ್ಲ. 20ಕ್ಕೆ ಏರಿಸಿದರೆ ‘ಎಚ್’ ಒತ್ತಿದಾಗ ಒಮ್ಮೆ ‘ಎಸ್’, ಒಮ್ಮೆ ‘5’ ಹೋಗುತ್ತದೆ. ಲಿವರ್ ಒತ್ತಿದಾಗ ತಾಗುವ ಕಾಂಟ್ಯಾಕ್ಟ್‌ಗಳ ನಡುವೆ ಗ್ಯಾಪ್ ಎಷ್ಟಿಡಬೇಕು?
– ಓದುಗರು, ಚಿಕ್ಕಮಗಳೂರು

ಉತ್ತರ: ಗ್ಯಾಪ್ ಹೊಂದಿಸುವುದು ಕೊನೆಯ ಕೆಲಸ. ಮೊದಲೇ ಅದಕ್ಕೆ ಕೈ ಹಾಕಿದರೆ ಬೇರೆಡೆಯ ದೋಷ ಅದರಡಿ ಮುಚ್ಚಿಹೋಗುತ್ತದೆ, ಇನ್ನೊಂದು ದಿನ ಮತ್ತೆ ತಲೆಯೆತ್ತುತ್ತದೆ. 1200ನ್ನು ವೇಗದಿಂದ ಭಾಗಿಸಿದರೆ ಒಂದು ಡಿಟ್‌ನ (ಮೋರ್ಸ್‌ನ ಚುಕ್ಕೆ, ಗಿಡ್ಡ ದನಿ) ಅವಧಿ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ: 8 ಪದಗಳ ವೇಗದಲ್ಲಿ 150, ನಿಮ್ಮ 20ರಲ್ಲಿ ಬರೀ 60. ‘ಎಸ್’ಗೆ ಮೂರು, ‘ಎಚ್’ಗೆ ನಾಲ್ಕು, ‘5’ಕ್ಕೆ ಐದು ಡಿಟ್. ಒತ್ತಿ ಹಿಡಿದಷ್ಟೂ ಡಿಟ್ ಬರುತ್ತಲೇ ಇರುವುದರಿಂದ ಲಿವರ್ ಹಿಂದಿರುಗಲು ಸ್ವಲ್ಪ ತಡವಾದರೂ ಡಿಟ್ ಒಂದು ಹೆಚ್ಚುತ್ತದೆ. ಕೊಳೆಯಿಂದ ಸಂಪರ್ಕ ನಡುವೆ ಕಡಿದರೆ ಒಂದು ಕಡಿಮೆಯಾಗುತ್ತದೆ. ನಿಮ್ಮಲ್ಲಿ ಎರಡೂ ಆಗುತ್ತಿರುವುದರಿಂದ ಕಾಂಟ್ಯಾಕ್ಟ್‌ಗಳನ್ನು ಶುಚಿ ಮಾಡುವುದರಿಂದಲೇ ಶುರು ಮಾಡಿ.

ಬಿಳಿ ಕಾಗದದ ಸಣ್ಣ ಪಟ್ಟಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಕಾಂಟ್ಯಾಕ್ಟ್‌ಗಳ ನಡುವೆ ಇಡಿ. ಲಿವರನ್ನು ಹಗುರವಾಗಿ ಒತ್ತಿ ಹಿಡಿದು ಪಟ್ಟಿಯನ್ನು ಎಳೆಯಿರಿ. ಕಾಗದಕ್ಕೆ ಕಪ್ಪು ಹತ್ತುವುದು ನಿಲ್ಲುವವರೆಗೂ ಹೊಸ ಪಟ್ಟಿ ಬಳಸಿ, ಕೊನೆಯದನ್ನು ಒಣಗಿದ್ದಾಗಲೇ ಎಳೆಯಿರಿ. ಉಪ್ಪುಕಾಗದ ಖಂಡಿತ ಬೇಡ. ಬೆಳ್ಳಿ ಅಥವಾ ಚಿನ್ನದ ತೆಳು ಲೇಪ ಒಮ್ಮೆ ಹೋದರೆ ಮಲೆನಾಡಿನ ಮಳೆಗಾಲದಲ್ಲಿ ಒಳಗಿನ ಹಿತ್ತಾಳೆ ಬೇಗ ಕಪ್ಪಾಗುತ್ತದೆ. ಎಣ್ಣೆ ಸ್ಪ್ರೇಯೂ ಬೇಡ, ಧೂಳು ಹಿಡಿಯುತ್ತದೆ. ಆಮೇಲೆ ಮಲ್ಟಿಮೀಟರಿಗೆ ಜೋಡಿಸಿ ಲಿವರ್ ಒತ್ತಿ. ರೀಡಿಂಗ್ ಒಂದು ಓಮ್‌ನ ಆಸುಪಾಸಿನಲ್ಲಿ ಅಲುಗದೆ ನಿಲ್ಲಬೇಕು.

ಮುಂದಿನದು ಪಿವಟ್, ಅಂದರೆ ಲಿವರ್ ತಿರುಗುವ ಕೀಲು. ಲಿವರನ್ನು ಮೇಲೆ ಕೆಳಗೆ ಅಲುಗಿಸಿ ನೋಡಿ. ಸಡಿಲವಿದ್ದರೆ ಒಂದೊಂದು ಒತ್ತಿಗೂ ಕಾಂಟ್ಯಾಕ್ಟ್ ಬೇರೆ ಬೇರೆ ಜಾಗದಲ್ಲಿ ಕೂರುತ್ತದೆ. ಪಿವಟ್ ಸ್ಕ್ರೂವನ್ನು ಲಿವರ್ ಬಿಗಿಯುವವರೆಗೆ ತಿರುಗಿಸಿ, ಅದು ತಾನಾಗಿ ಹಿಂದಿರುಗುವಷ್ಟು ಮಾತ್ರ ಬಿಡಿ. ಬಳಿಕ ಸ್ಪ್ರಿಂಗಿನ ಅಥವಾ ಅಯಸ್ಕಾಂತದ ಬಿಗಿತ. ಹೊರಗೆ ಗಾಳಿಯಿರುತ್ತದೆ, ಬೆರಳು ಮರಗಟ್ಟಿರುತ್ತದೆ. ಆದ್ದರಿಂದ ಮನೆಯಲ್ಲಿ ಹಿತವೆನಿಸುವುದಕ್ಕಿಂತ ತುಸು ಬಿಗಿ ಇರುವುದೇ ಮೇಲು.

ಈಗ ಗ್ಯಾಪ್. ಸ್ಕ್ರೂ ಎಂ3 (3 ಮಿ.ಮೀ. ವ್ಯಾಸದ್ದು) ಆಗಿದ್ದರೆ ಒಂದು ಪೂರ್ತಿ ಸುತ್ತಿಗೆ 0.5 ಮಿ.ಮೀ. ಚಲಿಸುತ್ತದೆ. ಡಿಟ್ ಎಡೆಬಿಡದೆ ಕೇಳಿಸುವವರೆಗೆ ಒಳಗೆ ತಿರುಗಿಸಿ, ಅಲ್ಲಿಂದ ಕಾಲು ಸುತ್ತು ಹಿಂದೆ ಬನ್ನಿ. 0.12 ಮಿ.ಮೀ. ಆಯಿತು, ಮೊದಲಿಗೆ ಇಷ್ಟು ಸಾಕು. ಬೈಕ್ ಮೆಕ್ಯಾನಿಕ್‌ಗಳ ಫೀಲರ್ ಗೇಜಿನ 0.10ರ ಎಲೆಯೂ ಆಗುತ್ತದೆ; ಜೆರಾಕ್ಸ್ ಹಾಳೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿ ಅಳತೆ ಕೆಡುತ್ತದೆ. ಸ್ಕ್ರೂವನ್ನು ಅಲೆನ್ ಕೀಯಿಂದ ಹಿಡಿದೇ ನಟ್ ಬಿಗಿಯಿರಿ, ಮತ್ತೊಮ್ಮೆ ಅಳೆಯಿರಿ. ಡಾ (ಉದ್ದ ದನಿ) ಬದಿಗೂ ಹೀಗೆಯೇ ಮಾಡಿ.

ಪ್ರಸಾರ ಹೋಗದಂತೆ ಬ್ರೇಕ್-ಇನ್ (ಕೀ ಒತ್ತಿದೊಡನೆ ಪ್ರಸಾರ ಶುರು ಮಾಡುವ ಸೌಲಭ್ಯ) ಆಫ್ ಮಾಡಿ, ಸೈಡ್‌ಟೋನ್ (ಒತ್ತಿದ್ದನ್ನು ರೇಡಿಯೋ ನಿಮಗೆ ಕೇಳಿಸುವ ದನಿ) ಕೇಳುತ್ತ ‘ಎಚ್’ ಮತ್ತು ‘5’ನ್ನು ಸಾಲಾಗಿ ಒತ್ತಿ. ಇನ್ನೂ ಡಿಟ್ ಹೆಚ್ಚುತ್ತಿದ್ದರೆ ಮೊದಲು ಬಿಗಿತ ಹೆಚ್ಚಿಸಿ. ಅದರಿಂದಲೂ ಆಗದಿದ್ದರೆ ಗ್ಯಾಪನ್ನು ಸುತ್ತಿನ ಎಂಟನೇ ಒಂದು ಭಾಗದಷ್ಟು ಅಗಲಿಸಿ.

ಪ್ರಶ್ನೆ: ಎಷ್ಟು ಹೊಂದಿಸಿದರೂ ‘ಎ’ ಒತ್ತಿದರೆ ‘ಆರ್’, ‘ಕೆ’ ಒತ್ತಿದರೆ ‘ಸಿ’ ಆಗುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ಪ್ಯಾಡಲನ್ನು ಮುಟ್ಟಬೇಡಿ. ನಿಮ್ಮ ಕೀಯರ್ (ಒತ್ತಿದ್ದನ್ನು ಡಿಟ್, ಡಾ ಆಗಿಸುವ ಸರ್ಕ್ಯೂಟ್) ‘ಬಿ’ ಮೋಡ್‌ನಲ್ಲಿದೆ, ಕೈ ‘ಎ’ ಮೋಡ್‌ಗೆ ಪಳಗಿದೆ. ಎರಡೂ ಲಿವರ್ ಒಟ್ಟಿಗೆ ಹಿಂಡಿ ಬಿಟ್ಟಾಗ ‘ಎ’ ಮೋಡ್ ನಡೆಯುತ್ತಿರುವುದನ್ನು ಮುಗಿಸಿ ನಿಲ್ಲುತ್ತದೆ. ‘ಬಿ’ ಅದರ ಮುಂದೆ ಎದುರಿನದನ್ನು (ಡಾ ನಂತರ ಡಿಟ್, ಡಿಟ್ ನಂತರ ಡಾ) ಒಂದು ಸೇರಿಸುತ್ತದೆ. ರೇಡಿಯೋದ ಮೆನುವಿನಲ್ಲಿ ಮೋಡ್ ಬದಲಿಸಿ.

ಪ್ರಶ್ನೆ: ಮನೆಯಲ್ಲಿ ಸರಿಯಿರುವ ಪ್ಯಾಡಲ್, ಹೊರಗೆ ಎಂಡ್-ಫೆಡ್ ತಂತಿ (ಒಂದು ತುದಿಯಲ್ಲಿ ಜೋಡಿಸುವ ಆ್ಯಂಟೆನಾ) ಕಟ್ಟಿ ಪ್ರಸಾರ ಮಾಡಿದಾಗ ತಾನಾಗಿ ಡಿಟ್ ಉದುರಿಸುತ್ತದೆ.
– ಓದುಗರು, ಶಿವಮೊಗ್ಗ

ಉತ್ತರ: ಆ್ಯಂಟೆನಾ ಬಿಚ್ಚಿ 50 ಓಮ್ ಡಮ್ಮಿ ಲೋಡ್ (ಆ್ಯಂಟೆನಾ ಬದಲು ಪವರ್ ಹೀರುವ ರೆಸಿಸ್ಟರ್) ಹಾಕಿ ಅಷ್ಟೇ ಪವರ್‌ನಲ್ಲಿ ಕಳಿಸಿ ನೋಡಿ. ತೊಂದರೆ ಮಾಯವಾದರೆ ಪ್ಯಾಡಲ್ ಕೇಬಲ್ ಮೂಲಕ ಆರ್‌ಎಫ್ (ಪ್ರಸಾರದ ರೇಡಿಯೋ ಶಕ್ತಿ) ಒಳನುಗ್ಗುತ್ತಿದೆ ಎಂದರ್ಥ. ಕೇಬಲನ್ನು ಆರ್‌ಎಫ್ ತಡೆಯುವ ಕ್ಲಿಪ್ ಮಾದರಿಯ ಫೆರೈಟ್‌ಗೆ ನಾಲ್ಕೈದು ಸುತ್ತು ಸುತ್ತಿ, ಆದಷ್ಟೂ ರೇಡಿಯೋ ಹತ್ತಿರವೇ ಇಡಿ. ಸಾಲದಿದ್ದರೆ 3.5 ಮಿ.ಮೀ. ಪ್ಲಗ್ಗಿನೊಳಗೆ ತುದಿಯಿಂದ ಗ್ರೌಂಡ್‌ಗೆ ಒಂದು, ನಡುವಿನ ರಿಂಗ್‌ನಿಂದ ಗ್ರೌಂಡ್‌ಗೆ ಇನ್ನೊಂದು, 10 ನ್ಯಾನೊಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ. ಜೊತೆಗೆ ಆ್ಯಂಟೆನಾಕ್ಕೆ ಕೌಂಟರ್‌ಪಾಯ್ಸ್ ತಂತಿ (ಆ್ಯಂಟೆನಾದ ಎದುರು ಬದಿಯಾಗುವ ತಂತಿ) ಇದೆಯೇ ನೋಡಿ. ಅದಿಲ್ಲದಿದ್ದರೆ ಕೋಆ್ಯಕ್ಸ್‌ನ (ಆ್ಯಂಟೆನಾ ಕೇಬಲ್) ಹೊರಮೈ, ರೇಡಿಯೋ, ಪ್ಯಾಡಲ್ ಕೇಬಲ್ ಎಲ್ಲವೂ ಆ್ಯಂಟೆನಾದ ಭಾಗವಾಗಿಬಿಡುತ್ತವೆ.

ಪ್ರಶ್ನೆ: ತ್ರಿಡಿ ಪ್ರಿಂಟ್ ಮಾಡಿದ ಪ್ಯಾಡಲ್ ತೀರ ಹಗುರ, ಒತ್ತಿದರೆ ಜಾರುತ್ತದೆ.
– ಓದುಗರು, ಉಡುಪಿ

ಉತ್ತರ: ಅಡಿಗೆ ನಿಯೋಡಿಮಿಯಮ್ ಅಯಸ್ಕಾಂತ ಅಂಟಿಸಿ, ಕ್ಲಿಪ್‌ಬೋರ್ಡಿಗೆ ತೆಳು ಕಬ್ಬಿಣದ ತಗಡು ಕೂರಿಸಿ, ಲಾಗ್ ಬರೆಯುವ ಹಲಗೆಯ ಮೇಲೆಯೇ ಪ್ಯಾಡಲ್ ಗಟ್ಟಿಯಾಗಿ ನಿಲ್ಲುತ್ತದೆ. ಬಿರುಸಾದ ಕೇಬಲ್ ಹಗುರ ಪ್ಯಾಡಲನ್ನು ಎಳೆದಾಡುತ್ತದೆ, ಮೆತ್ತನೆಯ ತೆಳು ಕೇಬಲ್ ಹಾಕಿ. ಕಡಲತೀರದ ಕಪ್ಪು ಮರಳಿನ ಕಣ ಅಯಸ್ಕಾಂತಕ್ಕೆ ಹತ್ತಿದರೆ ಬಟ್ಟೆಯಿಂದ ಒರೆಸುವುದು ವ್ಯರ್ಥ, ಅಂಟು ಟೇಪ್ ಒತ್ತಿ ಕೀಳಿ. ಪಿಎಲ್‌ಎ ಪ್ಲಾಸ್ಟಿಕ್ಕಿನ ಪ್ಯಾಡಲನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಸುಮಾರು 60 ಡಿಗ್ರಿಗೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ, ಆಮೇಲೆ ಗ್ಯಾಪ್ ನಿಲ್ಲುವುದೇ ಇಲ್ಲ. ಮತ್ತೆ ಪ್ರಿಂಟ್ ಮಾಡಿಸುವುದಾದರೆ ಹೆಚ್ಚು ಶಾಖ ತಾಳುವ ಪಿಇಟಿಜಿ ಪ್ಲಾಸ್ಟಿಕ್ಕಿನಲ್ಲಿ ಮಾಡಿಸಿ.