ತಲೆನೋವಿಗೆ ಗಾಳಿ ಯಂತ್ರ: ಹಾಕಿಕೊಂಡು ನೋಡಬಹುದೇ?

ಪ್ರಶ್ನೆ: ಡಾಕ್ಟರ್ ಮೇಡಂ ಅವರಿಗೆ ನಮಸ್ಕಾರ. ನನಗೆ 38 ವರ್ಷ. ತಿಕೋಟಾ ಹತ್ತಿರ ದ್ರಾಕ್ಷಿ ಪಡ ಇದೆ, ಒಣದ್ರಾಕ್ಷಿ ಮಾಡುವ ಶೆಡ್ಡೂ ಇದೆ. ಪ್ರತಿವರ್ಷ ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿಯುವ ಹೊತ್ತಿಗೆ ಬಲಗಣ್ಣಿನ ಹಿಂದೆ ನೋವು ಶುರುವಾಗುತ್ತದೆ. ಮಲಗಿ ಒಂದೂವರೆ ತಾಸಿಗೆ ಎಚ್ಚರವಾಗುತ್ತದೆ, ಕಾದ ಸರಳು ಚುಚ್ಚಿದ ಹಾಗೆ. ಆ ಕಣ್ಣಲ್ಲಿ ನೀರು ಸುರಿಯುತ್ತದೆ, ಆ ಕಡೆಯ ಮೂಗು ಕಟ್ಟುತ್ತದೆ, ರೆಪ್ಪೆ ಇಳಿಬೀಳುತ್ತದೆ. ಮಲಗಲು ಆಗುವುದಿಲ್ಲ. ಅಂಗಳದಲ್ಲಿ ತಿರುಗಾಡುತ್ತೇನೆ, ಗೋಡೆಗೆ ಹಣೆ ಒತ್ತುತ್ತೇನೆ. ತಾಸಿನೊಳಗೆ ನಿಲ್ಲುತ್ತದೆ. ಒಂದೆರಡು ತಿಂಗಳು ಕಾಡಿ ತಾನೇ ಹೋಗುತ್ತದೆ. ಮೊದಲು ಸೈನಸ್ ಅಂದರು. ಆಮೇಲೆ ಹಲ್ಲು ಅಂದರು, ದವಡೆ ಹಲ್ಲು ಕೀಳಿಸಿದೆ. ಆ ಸಲ ನೋವು ಹೋಯಿತು, ಮುಂದಿನ ವರ್ಷ ಮತ್ತೆ ಬಂತು. ಗೊರಕೆಯವರು ಹಾಕುವ ಸಿಪ್ಯಾಪ್ ಯಂತ್ರವನ್ನು ಇಂಥ ತಲೆನೋವಿಗೂ ಪರೀಕ್ಷೆ ಮಾಡುತ್ತಿದ್ದಾರಂತೆ, ಬೆಂಗಳೂರಲ್ಲಿರುವ ಅಣ್ಣನ ಮಗ ಹೇಳಿದ. ಬೆಳಗಾವಿಯ ಕಾಕಾ ಅವರ ಹತ್ತಿರ ಒಂದಿದೆ. ನಾಲ್ಕು ದಿನ ತಂದು ಹಾಕಿಕೊಂಡು ನೋಡಲೇ?
— ಹೆಸರು ಬೇಡ, ವಿಜಯಪುರ ಜಿಲ್ಲೆ

ಉತ್ತರ: ಮೊದಲು ನಿಮ್ಮ ನೋವಿನ ಹೆಸರು ಹೇಳಿಬಿಡುತ್ತೇನೆ. ನೀವು ಬರೆದದ್ದೆಲ್ಲ ಕ್ಲಸ್ಟರ್ ತಲೆನೋವಿನ ಲಕ್ಷಣ. ಒಂದೇ ಕಣ್ಣಿನ ಸುತ್ತ, 15 ನಿಮಿಷದಿಂದ 3 ತಾಸಿನವರೆಗೆ, ಬಹಳ ಸಲ ನಿದ್ದೆ ಹತ್ತಿದ ಸ್ವಲ್ಪ ಹೊತ್ತಿಗೇ ಬರುತ್ತದೆ. ಮೈಗ್ರೇನ್ ಇದ್ದವರು ಕತ್ತಲೆ ಕೋಣೆಯಲ್ಲಿ ಅಲುಗಾಡದೆ ಮಲಗುತ್ತಾರೆ, ಕ್ಲಸ್ಟರ್ ಬಂದವರು ಕೂತಲ್ಲಿ ಕೂರಲಾರರು. ನನ್ನೆದುರು ಕೂತು ನೋವು ತೋರಿಸುವಾಗಲೇ ವ್ಯತ್ಯಾಸ ಕಾಣುತ್ತದೆ. ಮೈಗ್ರೇನಿನವರು ಅಂಗೈಯಿಂದ ಅರ್ಧ ತಲೆ ಹಿಡಿಯುತ್ತಾರೆ, ಇವರು ಹೆಬ್ಬೆರಳನ್ನು ಕಣ್ಣಿನ ಮೂಲೆಗೆ ಒತ್ತುತ್ತಾರೆ. ಗೋಡೆಗೆ ಹಣೆ ಒತ್ತುವುದನ್ನು ಕಂಡು ಮನೆಯವರು ಹೆದರುತ್ತಾರೆ, ಊರವರು ಏನೇನೋ ಅನ್ನುತ್ತಾರೆ. ನಿಮ್ಮ ತಲೆ ಕೆಟ್ಟಿಲ್ಲ. ಮನುಷ್ಯ ಅನುಭವಿಸುವ ಅತಿ ಕಠಿಣ ನೋವುಗಳಲ್ಲಿ ಇದೂ ಒಂದು.

ಇನ್ನು ಯಂತ್ರದ ಮಾತು. ಸಿಪ್ಯಾಪ್ ಆಮ್ಲಜನಕ ಕೊಡುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಕೋಣೆಯ ಗಾಳಿಯನ್ನೇ ಒತ್ತಡದಿಂದ ಊದಿ, ನಿದ್ದೆಯಲ್ಲಿ ಮುಚ್ಚಿಕೊಳ್ಳುವ ಗಂಟಲನ್ನು ತೆರೆದಿಡುತ್ತದೆ, ಅಷ್ಟೇ. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸುಲಿವನ್ ಎಂಬ ವೈದ್ಯರು ನಿದ್ದೆಯಲ್ಲಿ ಉಸಿರು ನಿಲ್ಲುವವರಿಗಾಗಿ ಇದನ್ನು ಮಾಡಿದರು. ಕ್ಲಸ್ಟರಿಗೆ ಇದನ್ನು ಪರೀಕ್ಷಿಸಲು ಕಾರಣವೂ ಇದೆ: ನೋವು ನಿದ್ದೆಯಲ್ಲೇ ಏಳುತ್ತದೆ, ಈ ಕಾಯಿಲೆಯವರಲ್ಲಿ ಹಲವರಿಗೆ ಉಸಿರು ಕಟ್ಟುವ ತೊಂದರೆಯೂ ಕಂಡುಬಂದಿದೆ. ಆದರೆ ಕ್ಲಸ್ಟರಿಗೆ ಇದೇ ಚಿಕಿತ್ಸೆ ಎಂದು ವೈದ್ಯರು ಒಪ್ಪಿಕೊಂಡಿರುವ ಪಟ್ಟಿಯಲ್ಲಿ ಸಿಪ್ಯಾಪ್ ಇಲ್ಲ.

ನಾಲ್ಕು ದಿನ ಹಾಕಿ ನೋಡಿದರೆ ಏನೂ ತಿಳಿಯುವುದಿಲ್ಲ. ನಿಮ್ಮ ದವಡೆ ಹಲ್ಲನ್ನೇ ನೆನೆಯಿರಿ. ನೋವು ಹೊರಡುವ ಹೊತ್ತಿಗೆ ಹಲ್ಲು ಕೀಳಿಸಿದ್ದೀರಿ, ಹೆಸರು ಹಲ್ಲಿಗೆ ಬಂತು. ಡಿಸೆಂಬರಿನಲ್ಲಿ ಕಾಕಾನ ಯಂತ್ರ ತಂದರೆ ಆ ಹೆಸರು ಯಂತ್ರಕ್ಕೆ ಬರುತ್ತದೆ, ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನೇ ಕೊಳ್ಳುತ್ತೀರಿ. ಅದಕ್ಕೇ ಸಂಶೋಧಕರು ಹುಸಿ ಯಂತ್ರವನ್ನೂ ಜೊತೆಗಿಟ್ಟು ನೋಡುತ್ತಾರೆ. ಅದೇ ಮಾಸ್ಕು, ಅದೇ ಸದ್ದು, ಆದರೆ ಒತ್ತಡ ಮಾತ್ರ ಗಂಟಲು ತೆರೆಯಲಾರದಷ್ಟು ಕಡಿಮೆ. ಯಾರಿಗೆ ಯಾವುದು ಎಂದು ರೋಗಿಗೆ ಹೇಳುವುದಿಲ್ಲ. ವಾರಕ್ಕೆ ಎಷ್ಟು ಸಲ ನೋವು ಬಂತು ಎಂದು ಬರೆದಿಟ್ಟು ಕೊನೆಗೆ ಹೋಲಿಸುತ್ತಾರೆ.

ಆಮ್ಲಜನಕ ಈ ರೀತಿಯ ಪರೀಕ್ಷೆ ದಾಟಿ ಬಂದಿದೆ. 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಯೋಗದಲ್ಲಿ ಕ್ಲಸ್ಟರ್ ರೋಗಿಗಳಿಗೆ ಒಂದು ಸಲ ಆಮ್ಲಜನಕ, ಒಂದು ಸಲ ಬರೀ ಗಾಳಿ ತುಂಬಿದ ಸಿಲಿಂಡರ್ ಕೊಟ್ಟರು. ಯಾವುದರಲ್ಲಿ ಏನಿದೆ ಅಂತ ಅವರಿಗೆ ಗೊತ್ತಿರಲಿಲ್ಲ. 15 ನಿಮಿಷದಲ್ಲಿ ನೋವು ಇಳಿದದ್ದು ಆಮ್ಲಜನಕ ಕೊಟ್ಟಾಗ 78 ಪ್ರತಿಶತ, ಗಾಳಿ ಕೊಟ್ಟಾಗ 20 ಪ್ರತಿಶತ. ಇಷ್ಟು ಸ್ಪಷ್ಟ ಉತ್ತರ ಇದ್ದೂ ನಮ್ಮ ಕಡೆ ರೋಗಿಗಳು ಹಲ್ಲು ಕೀಳಿಸಿಕೊಂಡು ಓಡಾಡುತ್ತಿದ್ದಾರಲ್ಲ, ಅದು ನನಗೆ ಬಹಳ ಸಂಕಟ.

ಆದ್ದರಿಂದ ನರರೋಗ ತಜ್ಞರಲ್ಲಿ ಹೋಗಿ. ವಿಜಯಪುರದಲ್ಲೂ ಬೆಳಗಾವಿಯಲ್ಲೂ ಇದ್ದಾರೆ. ಒಮ್ಮೆ ಮೆದುಳಿನ ಎಂಆರ್‌ಐ ಆಗಲಿ. ಆಮ್ಲಜನಕ ಬರೆದುಕೊಟ್ಟರೆ ನಿಮಿಷಕ್ಕೆ 12 ಲೀಟರಿನಂತೆ, ಚೀಲವಿರುವ ಮಾಸ್ಕಿನಲ್ಲಿ, ನೋವು ಎದ್ದ ಕೂಡಲೇ ಕುಳಿತುಕೊಂಡು 15-20 ನಿಮಿಷ ಎಳೆದುಕೊಳ್ಳಬೇಕು. ಚೀಲ ಉಬ್ಬಿಕೊಂಡೇ ಇರಬೇಕು. ಮೂಗಿಗೆ ಸಿಕ್ಕಿಸುವ ಸಣ್ಣ ನಳಿಗೆ ಸಾಲದು. 2021ರಲ್ಲಿ ಕೋವಿಡ್ ಅಂತ ಮನೆಗೆ ತಂದ, ಗಾಳಿಯಿಂದ ಆಮ್ಲಜನಕ ಬೇರ್ಪಡಿಸುವ ಕಾನ್ಸಂಟ್ರೇಟರುಗಳಲ್ಲಿ ಹೆಚ್ಚಿನವು 5 ಲೀಟರಿನವು, ಅವೂ ಸಾಲವು. ಸಿಲಿಂಡರ್ ಇರುವ ಕಡೆ ಬೀಡಿ, ಒಲೆ ಬೇಡ. ದ್ರಾಕ್ಷಿ ಅದ್ದುವ ಡಿಪ್ಪಿಂಗ್ ಆಯಿಲ್ ಹತ್ತಿದ ಕೈಯಿಂದ ವಾಲ್ವ್ ಮುಟ್ಟಲೇಬೇಡಿ, ಎಣ್ಣೆಯೂ ಆಮ್ಲಜನಕವೂ ಸೇರಿದರೆ ಬೆಂಕಿ. ಸುಮಾಟ್ರಿಪ್ಟಾನ್ ಚುಚ್ಚುಮದ್ದೂ ಬೇಗ ಕೆಲಸ ಮಾಡುತ್ತದೆ, ಹೃದಯದ ಕಾಯಿಲೆ ಇದ್ದವರಿಗೆ ಮಾತ್ರ ಕೊಡುವಂತಿಲ್ಲ. ನೋವಿನ ತಿಂಗಳುಗಳಲ್ಲಿ ದಾಳಿ ಕಡಿಮೆ ಮಾಡಲು ವೆರಾಪಮಿಲ್ ಇದೆ, ಇಸಿಜಿ ನೋಡಿಕೊಂಡು ಕೊಡುತ್ತಾರೆ. ಆ ತಿಂಗಳುಗಳಲ್ಲಿ ಕುಡಿತ ಬಿಡಿ, ಒಂದು ಗುಟುಕಿಗೇ ನೋವು ಏಳುವುದುಂಟು.

ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ: ನೀವು ಗೊರಕೆ ಹೊಡೆಯುತ್ತೀರಾ, ನಡುವೆ ಉಸಿರು ನಿಲ್ಲುತ್ತದೆಯೇ? ಹೌದಾದರೆ ಸ್ಲೀಪ್ ಸ್ಟಡಿ, ಅಂದರೆ ನಿದ್ದೆಯಲ್ಲಿ ಉಸಿರಾಟ ಅಳೆಯುವ ಪರೀಕ್ಷೆ ಮಾಡಿಸಿ. ಅದರಲ್ಲಿ ತೊಂದರೆ ಕಂಡರೆ ನಿಮ್ಮದೇ ಅಳತೆಯ ಮಾಸ್ಕು, ನಿಮ್ಮದೇ ಒತ್ತಡದ ಸಿಪ್ಯಾಪ್ ಹಾಕಿಸಿಕೊಳ್ಳಿ. ಕಾಕಾ ಅವರ ಯಂತ್ರ ಅವರ ಗಂಟಲಿಗೆ ಹೊಂದಿಸಿದ್ದು. ಅವರಿಗೂ ಅದು ರಾತ್ರಿ ಬೇಕು.

ಪ್ರಶ್ನೆ: ಬಾಯಾರ, ನಮ್ಮ ಯಜಮಾನರಿಗೆ 52, ಮೈ ದಪ್ಪ, ಪವರ್‌ಲೂಮ್ ಇಟ್ಟಿದ್ದಾರೆ. ಜೋರು ಗೊರಕೆ. ದಿನಾ ಬೆಳಿಗ್ಗೆ ಎರಡೂ ಕಡೆ ತಲೆ ಒತ್ತಿ ಹಿಡಿದ ಹಾಗಾಗುತ್ತದೆ, ಎರಡನೇ ಚಹಾ ಹೊತ್ತಿಗೆ ಇಳಿಯುತ್ತದೆ. ದಿನಾ ಮೆಡಿಕಲ್ ಅಂಗಡಿಯ ಗುಳಿಗೆ ನುಂಗುತ್ತಾರೆ. ಮಗ್ಗದ ಮುಂದೆಯೇ ತೂಕಡಿಸುತ್ತಾರೆ.
— ಒಬ್ಬ ಗೃಹಿಣಿ, ಬನಹಟ್ಟಿ

ಉತ್ತರ: ತಂಗಿ, ಸಿಪ್ಯಾಪ್ ಹುಟ್ಟಿದ್ದೇ ಇಂಥವರಿಗಾಗಿ. ಮೊದಲು ಸ್ಲೀಪ್ ಸ್ಟಡಿ ಆಗಲಿ. ತಾಸಿಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ಕುಗ್ಗುತ್ತದೆ ಎಂದು ಅದು ಲೆಕ್ಕ ಹಾಕುತ್ತದೆ. 5ಕ್ಕಿಂತ ಮೇಲಾದರೆ ತೊಂದರೆ, 30 ದಾಟಿದರೆ ತೀವ್ರ. ಬಿಪಿಯನ್ನೂ ನೋಡಿಸಿ. ತಿಂಗಳಿಗೆ 15 ದಿನಕ್ಕಿಂತ ಹೆಚ್ಚು ನೋವಿನ ಗುಳಿಗೆ ನುಂಗಿದರೆ ಗುಳಿಗೆಯೇ ತಲೆನೋವು ತರುವುದುಂಟು, ಡಾಕ್ಟರನ್ನು ಕೇಳಿ ನಿಲ್ಲಿಸಿ. ಅಲ್ಲಿಯವರೆಗೆ ತೂಕಡಿಕೆ ಬಂದಾಗ ಮಗ್ಗ ಬಂದ್ ಮಾಡಿಸಿ. ಯಂತ್ರ ಬಂದ ಮೇಲೆ ಇಡೀ ರಾತ್ರಿ ಹಾಕಬೇಕು, ದಿನಕ್ಕೆ 4 ತಾಸು ಅನ್ನುವುದು ತೀರಾ ಕನಿಷ್ಠ. ಮೊದಮೊದಲು ಕಿತ್ತೆಸೆಯುತ್ತಾರೆ. ಮಾಸ್ಕಿನ ಅಂಚಿನಿಂದ ಕಣ್ಣಿಗೆ ಗಾಳಿ ಬಡಿಯುತ್ತಿದ್ದರೆ ಅಳತೆ ತಪ್ಪಿದೆ ಎಂದರ್ಥ, ಕೊಟ್ಟವರಲ್ಲಿ ಹೋಗಿ ಬದಲಿಸಿಕೊಳ್ಳಿ.